ಆದೇಶದಲ್ಲಿ ಒಂದು ಸಾಲು ಸೇರಿಸಿ: ಮಕ್ಕಳ ಕಲ್ಯಾಣ ಸಮಿತಿಗಳಿಗೆ ಒಬ್ಬ ಸಾಕುತಾಯಿಯ ಬಹಿರಂಗ ಪತ್ರ

ರಾಜ್ಯದ ಎಲ್ಲ ಜಿಲ್ಲೆಗಳ ಮಕ್ಕಳ ಕಲ್ಯಾಣ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಎರಡು ವರ್ಷದ ಹಿಂದೆ ಸಮಿತಿಯ ಆದೇಶದ ಮೇಲೆ, ಹೆತ್ತವರು ನೋಡಿಕೊಳ್ಳಲಾಗದ ಮಗುವನ್ನು ಬೇರೆ ಕುಟುಂಬದಲ್ಲಿಟ್ಟು ಸಾಕುವ ಫಾಸ್ಟರ್ ಕೇರ್‌ಗೆ ಬಂದವಳು. ಅವಳ ಹೆಸರು, ಊರು, ಹೆತ್ತವರ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ನಿಷೇಧಿಸುತ್ತದೆ. ನಿಷೇಧಿಸದಿದ್ದರೂ ನಾನು ಬರೆಯುತ್ತಿರಲಿಲ್ಲ. ಗುರುತು ಸಿಗಬಾರದೆಂದೇ ನನ್ನ ಹೆಸರು, ತಾಲ್ಲೂಕು ಕೂಡ ಬಿಟ್ಟಿದ್ದೇನೆ.

ಬಂದ ದಿನ ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಎರಡು ಫ್ರಾಕು, ಒಂದು ಪಾಟಿ. ನನ್ನ ಕೈಗೆ ಎರಡು ಪುಟದ ಆದೇಶ ಕೊಟ್ಟರು. ಮಗುವಿಗೆ ಪೌಷ್ಟಿಕ ಊಟ ಕೊಡಬೇಕು, ಶಾಲೆ ತಪ್ಪಿಸಬಾರದು, ಕಾಯಿಲೆಯಾದರೆ ತೋರಿಸಬೇಕು, ಸಮಿತಿಗೆ ತಿಳಿಸದೆ ಊರು ಬಿಟ್ಟು ಕರೆದೊಯ್ಯಬಾರದು, ಎಲ್ಲವೂ ಅದರಲ್ಲಿತ್ತು. ಅವಳ ತಾಯಿ ಅವಳನ್ನು ಯಾವಾಗ ನೋಡಬಹುದು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡುವುದೇ ನನ್ನ ದಿನನಿತ್ಯದ ಕೆಲಸ. ಆದರೂ ಅವತ್ತು ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಆ ಹುಡುಗಿಯೇ. ನಮ್ಮ ಮನೆ ಮುಂದೆ ಸಂಜೆ ನಾಲ್ಕೂವರೆಗೆ ಒಂದು ಬಸ್ಸು ಹಾದುಹೋಗುತ್ತದೆ. ಅಷ್ಟೊತ್ತಿಗೆ ಅವಳು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬಸ್ಸು ನೋಡುವ ಹುಚ್ಚು ಇರಬೇಕು ಅಂದುಕೊಂಡಿದ್ದೆ. ಬಂದು ಹದಿನೈದು ದಿನವಾದ ಮೇಲೆ ಒಂದು ಸಂಜೆ ಒಳಗೆ ಬಂದು ಕೇಳಿದಳು: "ಅಕ್ಕೋರ, ನಮ್ಮವ್ವಗ ಈ ಮನಿ ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಯಾರೂ ಆಕೆಗೆ ಹೇಳಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಆ ತಾಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೂಲಿ ಮಾಡಿ ಬದುಕಿದವಳು. ಆಮೇಲೆ ಕ್ಷಯ ಬಂತು, ಅದರ ಬೆನ್ನಿಗೆ ಮನಸ್ಸಿನ ಕಾಯಿಲೆಯೂ ಬಂತು. ಆಸ್ಪತ್ರೆ ಸೇರಿದಾಗ ಮಕ್ಕಳನ್ನು ನೋಡಿಕೊಳ್ಳುವವರು ಇರಲಿಲ್ಲ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಕ್ಕಳನ್ನು ಸಮಿತಿಯ ಮುಂದೆ ಹಾಜರುಪಡಿಸಿದರು. ಹುಡುಗ ಬಾಲಕರ ಬಾಲಮಂದಿರಕ್ಕೆ ಹೋದ, ಹುಡುಗಿ ಮೊದಲು ಬಾಲಕಿಯರ ಬಾಲಮಂದಿರಕ್ಕೆ, ಅಲ್ಲಿಂದ ನಮ್ಮಲ್ಲಿಗೆ. ಇದರಲ್ಲಿ ತಪ್ಪು ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಅವತ್ತಿನ ಮಟ್ಟಿಗೆ ಮಕ್ಕಳಿಗೊಂದು ಸೂರು ಬೇಕಿತ್ತು, ಸಿಕ್ಕಿತು.

ಮೂರು ತಿಂಗಳಿಗೆ ಆಕೆ ಆಸ್ಪತ್ರೆಯಿಂದ ಹೊರಬಂದಳು. ಬಂದ ವಾರದಲ್ಲೇ ಮಕ್ಕಳನ್ನು ನೋಡಬೇಕು ಎಂದು ಕಚೇರಿಗೆ ಹೋಗಿದ್ದಾಳೆ. "ಇವತ್ತು ಮೇಡಂ ಇಲ್ಲ." ಮತ್ತೆ ಹೋಗಿದ್ದಾಳೆ. "ಸಮಿತಿ ಕೂಡುವ ದಿನ ಬಾ." ಮತ್ತೊಮ್ಮೆ. "ಅರ್ಜಿ ಬರೆಸಿಕೊಂಡು ಬಾ, ಆಧಾರ್ ಝೆರಾಕ್ಸ್ ಹಚ್ಚು." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ಬಸ್ಸಿನ ಚಾರ್ಜು ಉಳಿಯಿತು ನಿಜ. ಆದರೆ ಹೋದ ದಿನದ ಕೂಲಿಯನ್ನು ಕೊಡುವವರು ಯಾರು? ಹಾಗೆ ನಾಲ್ಕು ತಿಂಗಳು ಅಲೆದಳು. ನಮಗೆ ಇದ್ಯಾವುದೂ ತಿಳಿದಿರಲಿಲ್ಲ. ನಾವು ಇಲ್ಲಿ, "ಅವ್ವಗ ಆರಾಮಿಲ್ಲ, ಆರಾಮಾದ ಮ್ಯಾಲೆ ಬರ್ತಾಳ" ಎಂದು ಮಗುವಿಗೆ ಹೇಳುತ್ತಲೇ ಇದ್ದೆವು.

ಕೊನೆಗೆ ಏಳು ತಿಂಗಳಾದ ಮೇಲೆ ಒಂದು ಭೇಟಿ ಗೊತ್ತಾಯಿತು. ಒಂದು ಕಚೇರಿಯ ಕೋಣೆ, ಗೋಡೆಗೆ ಒತ್ತಿದ ಒಂದು ಬೆಂಚು, ಮೂರು ಕಪಾಟು, ಆಚೆ ಮೇಜಿನಲ್ಲಿ ಟೈಪು ಮಾಡುತ್ತಿದ್ದ ಇಬ್ಬರು. ಇಪ್ಪತ್ತು ನಿಮಿಷ ಅಂದರು. ತಾಯಿ ಟಿಫಿನ್ ಡಬ್ಬಿಯಲ್ಲಿ ಶೇಂಗಾ ಉಂಡಿ, ಕಾಗದದಲ್ಲಿ ಸುತ್ತಿದ ಕೆಂಪು ರಿಬ್ಬನ್ ಒಂದು ಜೊತೆ ತಂದಿದ್ದಳು. ಹೊರಗಿನ ತಿನಿಸು ಕೊಡುವಂತಿಲ್ಲ ಎಂದು ಡಬ್ಬಿಯನ್ನು ಮೇಜಿನ ಮೇಲಿಡಿಸಿದರು. ಹುಡುಗಿ ನನ್ನ ಸೀರೆ ಹಿಡಿದು ಹಿಂದೆ ನಿಂತುಬಿಟ್ಟಳು. ತಾಯಿ ಆಸ್ಪತ್ರೆಯಲ್ಲಿ ಬಹಳ ಸೊರಗಿದ್ದಳು, ಕೂದಲು ಕತ್ತರಿಸಿದ್ದರು. ಮಗುವಿಗೆ ಗುರುತು ಹತ್ತುವುದಕ್ಕೇ ಐದು ನಿಮಿಷ ಬೇಕಾಯಿತು. ಗುರುತು ಹತ್ತಿದ ಮೇಲೆ ಅಳಲಿಲ್ಲ, ಮಾತಾಡಲೂ ಇಲ್ಲ. ಬೆಂಚಿನ ತುದಿಗೆ ಹೋಗಿ ಕೂತು ತಾಯಿಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಅಷ್ಟರಲ್ಲಿ ಹೊತ್ತು ಮುಗಿಯಿತು.

ಆ ದಿನದ ವರದಿಯಲ್ಲಿ ಬರೆದದ್ದು ಇಷ್ಟು: "ಮಗು ತಾಯಿಯೊಂದಿಗೆ ಬೆರೆಯಲಿಲ್ಲ."

ಆ ವಾಕ್ಯ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕಂಡದ್ದು ಅದು. ಆದರೆ ಏಳು ತಿಂಗಳು ತಾಯಿಯಿಂದ ದೂರವಿಟ್ಟು, ಇಪ್ಪತ್ತು ನಿಮಿಷ ಕೊಟ್ಟು, ಆಮೇಲೆ ಬೆರೆಯಲಿಲ್ಲ ಎಂದು ಬರೆದರೆ ಅದು ತಾಯಿಯ ಬಗ್ಗೆ ಏನನ್ನು ಹೇಳುತ್ತದೆ? ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಲೇಬೇಕು. ಮಗು ನನ್ನ ಸೀರೆ ಹಿಡಿದಾಗ ನನಗೆ ಒಳಗೊಳಗೆ ಹಿತವೆನಿಸಿತ್ತು. ಇವಳು ನಮ್ಮವಳಾದಳು ಅನ್ನಿಸಿತ್ತು. ಸಾಕುವವರೆಲ್ಲರಲ್ಲೂ ಈ ಆಸೆ ಹುಟ್ಟುತ್ತದೆ, ಅದು ಸಹಜ. ಆದ್ದರಿಂದಲೇ ಭೇಟಿಯ ವಿಷಯವನ್ನು ನಮ್ಮ ಒಳ್ಳೆಯತನಕ್ಕೆ ಬಿಡಬೇಡಿ, ಕಚೇರಿಯ ಅನುಕೂಲಕ್ಕೂ ಬಿಡಬೇಡಿ ಎಂದು ಕೇಳುತ್ತಿದ್ದೇನೆ.

ಕಾನೂನು ಬಿಟ್ಟಿಲ್ಲ. ವಕೀಲರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮನ್ನು ನನ್ನೆದುರು ಕೂತು ಓದಿ ತಿಳಿಸಿದ. ಅದರ ಐದನೇ ಉಪಕಲಂ ಫಾಸ್ಟರ್ ಕೇರ್‌ನಲ್ಲಿರುವ ಇಂಥ ಮಕ್ಕಳಿಗೆಂದೇ ಇದೆ. ತಂದೆತಾಯಿ ಸಾಕಲು ಅಶಕ್ತರು ಎಂಬ ಕಾರಣಕ್ಕೆ ಮಗುವನ್ನು ಬೇರೆ ಕುಟುಂಬದಲ್ಲಿ ಇಟ್ಟಿದ್ದರೆ, ಅವರು ನಿಯಮಿತವಾಗಿ ಆ ಮನೆಗೆ ಬಂದು ಮಗುವನ್ನು ನೋಡಬಹುದು. ಭೇಟಿ ಮಗುವಿನ ಹಿತಕ್ಕೆ ವಿರುದ್ಧ ಎಂದು ಸಮಿತಿಗೆ ಅನ್ನಿಸಿದರೆ ಮಾತ್ರ ತಡೆಯಬಹುದು, ಹಾಗೆ ತಡೆದರೆ ಕಾರಣ ಬರೆದಿಡಬೇಕು. ತಂದೆತಾಯಿ ಮತ್ತೆ ಶಕ್ತರಾದರು ಎಂದು ಸಮಿತಿಗೆ ಖಾತ್ರಿಯಾದಾಗ ಮಗು ಅವರ ಮನೆಗೆ ಮರಳಬಹುದು ಎಂದೂ ಅದೇ ಉಪಕಲಂ ಹೇಳುತ್ತದೆ. ಸಾಕುವ ಕುಟುಂಬಗಳಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರನ್ನು ಒಟ್ಟಿಗೆ ಇಡಲು ಎಲ್ಲ ಪ್ರಯತ್ನ ಮಾಡಬೇಕು ಎಂದು ಮೂರನೆಯ ಉಪಕಲಂ ಹೇಳುತ್ತದೆ.

ಅಂದರೆ ನೋಡುವುದು ನಿಯಮ, ತಡೆಯುವುದು ಅಪವಾದ. ಕಾರಣ ಬರೆಯಬೇಕಾದದ್ದು ತಡೆಯುವವರು. ನಾನು ಕಂಡದ್ದು ಇದರ ತಿರುವುಮುರುವು. ತಡೆದದ್ದಕ್ಕೆ ಒಂದು ಅಕ್ಷರದ ಕಾರಣ ಯಾವ ಕಾಗದದಲ್ಲೂ ಇರಲಿಲ್ಲ; ಏಕೆಂದರೆ ಯಾರೂ ತಡೆದಿರಲೇ ಇಲ್ಲ. ಬರೀ "ನಾಳೆ ಬಾ" ಅಂದಿದ್ದರು. ಬರೆದ ನಿರಾಕರಣೆ ಇದ್ದರೆ ಮೇಲ್ಮನವಿ ಮಾಡಬಹುದಿತ್ತು. ಕಾಯ್ದೆಯ 101ನೇ ಕಲಮಿನಂತೆ ಫಾಸ್ಟರ್ ಕೇರ್ ಬಗ್ಗೆ ಸಮಿತಿ ಕೊಟ್ಟ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನದೊಳಗೆ ಜಿಲ್ಲಾಧಿಕಾರಿಗಳ ಹತ್ತಿರ ಹೋಗಬಹುದು. "ನಾಳೆ ಬಾ" ಅನ್ನುವುದರ ಮೇಲೆ ಯಾವ ಜಿಲ್ಲಾಧಿಕಾರಿಗೆ ಮನವಿ ಕೊಡಲು ಬರುತ್ತದೆ?

ಜೈಲಿನಲ್ಲಿರುವ ತಾಯಂದಿರ ಮಾತು ಇಲ್ಲಿ ನೆನಪಾಗುತ್ತದೆ. ಆರು ವರ್ಷದವರೆಗೆ ಮಗು ಜೈಲಿನಲ್ಲಿ ತಾಯಿಯ ಜೊತೆ ಇರಬಹುದು, ಆಮೇಲೆ ಹೊರಗೆ ಕಳಿಸಬೇಕು. 2006ರ ಏಪ್ರಿಲ್‌ನಲ್ಲಿ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಾಗೆ ಸರ್ಕಾರಿ ಆಸರೆಯಲ್ಲಿರುವ ಮಗುವಿಗೆ ವಾರಕ್ಕೆ ಒಮ್ಮೆಯಾದರೂ ತಾಯಿಯನ್ನು ಕಾಣಲು ಅವಕಾಶ ಕೊಡಬೇಕು ಎಂದು ಹೇಳಿತು. ಬಹಳ ಒಳ್ಳೆಯ ಮಾತು. ಆದರೆ ಯಾವ ಅಪರಾಧವನ್ನೂ ಮಾಡದೆ, ಕಾಯಿಲೆ ಬಿದ್ದ ಒಂದೇ ಕಾರಣಕ್ಕೆ ಮಕ್ಕಳಿಂದ ಬೇರೆಯಾದ ಕೂಲಿ ಹೆಣ್ಣುಮಗಳಿಗೆ ಏಳು ತಿಂಗಳಲ್ಲಿ ಸಿಕ್ಕಿದ್ದು ಇಪ್ಪತ್ತು ನಿಮಿಷ.

ಆ ಭೇಟಿಯ ನಂತರ ನಾನೇ ಸಮಿತಿಯ ಮುಂದೆ ಹೋಗಿ, ತಾಯಿ ನಮ್ಮ ಮನೆಗೇ ಬರಲಿ ಎಂದು ಬರೆದುಕೊಟ್ಟೆ. ಅವರೂ ಒಪ್ಪಿದರು, ಅದಕ್ಕಾಗಿ ಅವರಿಗೆ ಋಣಿಯಾಗಿದ್ದೇನೆ. ಅವತ್ತಿನಿಂದ ಹದಿನೈದು ದಿನಕ್ಕೊಂದು ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಾಳೆ, ನಾಲ್ಕೂವರೆ ಬಸ್ಸಿಗೆ ಹೋಗುತ್ತಾಳೆ.

ಮೊದಲ ಭಾನುವಾರ ಆಕೆ ಕುರ್ಚಿಯ ಮೇಲೆ ಕೂರಲಿಲ್ಲ, ಹೊಸ್ತಿಲ ಹತ್ತಿರವೇ ಕೂತಳು. ಏನು ಮಾತಾಡಬೇಕು ಎಂದು ನನಗೂ ತೋಚಲಿಲ್ಲ, ಆಕೆಗೂ ತೋಚಲಿಲ್ಲ. ಸ್ವಲ್ಪ ಹೊತ್ತಿಗೆ "ಹಣಿಗಿ ಕೊಡ್ರಿ" ಅಂದಳು. ಮಗಳನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಒಂದೊಂದೇ ಎಳೆ ಬಿಡಿಸಿ, ಹೇನು ತೆಗೆದು, ಎರಡು ಜಡೆ ಹೆಣೆದು ಆ ಕೆಂಪು ರಿಬ್ಬನ್ ಕಟ್ಟಿದಳು. ಒಂದು ತಾಸು ಹಿಡಿಯಿತು. ಕಚೇರಿಯ ಬೆಂಚಿನ ಮೇಲೆ ಬಾಯಿ ಬಿಡದ ಹುಡುಗಿ ಆ ಒಂದು ತಾಸೂ ಮಾತು ನಿಲ್ಲಿಸಲಿಲ್ಲ. ಶಾಲೆಯ ಸಂಗತಿ, ನಮ್ಮ ಮನೆ ಬೆಕ್ಕಿನ ಸಂಗತಿ, ನಾನು ಬೈದದ್ದು, ಎಲ್ಲ ವರದಿಯೂ ಒಪ್ಪಿಸಿಬಿಟ್ಟಳು.

ಊಟಕ್ಕೆ ರೊಟ್ಟಿಯ ಜೊತೆ ಎಣ್ಣೆಗಾಯಿ ಬಡಿಸಿದೆ. ತಾಯಿ ಮಗಳ ತಾಟಿನಿಂದ ಅದನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. "ಇಕಿಗೆ ಬದನಿಕಾಯಿ ಆಗಂಗಿಲ್ರಿ ಅಕ್ಕೋರ. ಮೈ ತುಂಬ ದದ್ದು ಏಳ್ತಾವು. ಸಣ್ಣಾಕಿ ಇದ್ದಾಗಿಂದ ಹಂಗ."

ಏಳು ತಿಂಗಳಿಂದ ಆ ದದ್ದಿಗೆ ನಾನು ಇಬ್ಬರು ವೈದ್ಯರಿಗೆ ತೋರಿಸಿದ್ದೆ. ಮುಲಾಮು ಹಚ್ಚಿದ್ದೆ, ಸೋಪು ಬದಲಿಸಿದ್ದೆ, ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಮಗುವಿನ ಕಡತದಲ್ಲಿ ತೂಕ ಎತ್ತರ ರಕ್ತದ ಗುಂಪು ಎಲ್ಲ ಇತ್ತು, ಬದನೆಕಾಯಿ ಇರಲಿಲ್ಲ. ಅದನ್ನು ಬಲ್ಲವಳು ಒಬ್ಬಳೇ, ಆಕೆ ಎರಡು ತಾಸಿನ ದಾರಿಯಲ್ಲಿದ್ದಳು. ಜ್ವರ ನೆತ್ತಿಗೇರಿದರೆ ಇವಳಿಗೆ ಫಿಟ್ಸ್ ಬರುತ್ತದೆ, ಒಮ್ಮೆ ಬಂದಿತ್ತು ಎಂಬುದೂ ಅವತ್ತೇ ಗೊತ್ತಾದದ್ದು. ಭೇಟಿ ಎಂದರೆ ತಾಯಿಯ ಮೇಲಿನ ಕರುಣೆಗೆ ಕೊಡುವ ಸವಲತ್ತು ಎಂದು ಭಾವಿಸುವ ಎಲ್ಲರಿಗೂ ಇದನ್ನು ಹೇಳಬೇಕೆನಿಸುತ್ತದೆ. ಆ ಭೇಟಿಯಿಂದ ದಕ್ಕಿದ್ದು ಮಗುವಿಗೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಒಂಬತ್ತನೇ ವಿಧಿಯೂ ಇದನ್ನು ಹೆತ್ತವರ ಹಕ್ಕು ಎನ್ನದೆ ಮಗುವಿನ ಹಕ್ಕು ಎಂದೇ ಬರೆದಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಇನ್ನು ಎಲ್ಲರೂ ಎತ್ತುವ ಒಂದು ಆಕ್ಷೇಪ. "ತಾಯಿ ಬಂದುಹೋದ ಮೇಲೆ ಮಗು ಕೆಡುತ್ತದೆ." ಹೌದು. ಮೊದಲ ಮೂರು ತಿಂಗಳು ಪ್ರತಿ ಭಾನುವಾರ ರಾತ್ರಿ ಇವಳು ಹಾಸಿಗೆ ಒದ್ದೆ ಮಾಡಿಕೊಂಡಳು. ಸೋಮವಾರ ಶಾಲೆಯಲ್ಲಿ ಯಾರ ಜೊತೆಗಾದರೂ ಜಗಳ. ಒಮ್ಮೆ ನನ್ನ ಕೈಗೆ ಕಚ್ಚಿದಳು. "ಯಾಕೆ ಬೇಕು ಈ ಫಜೀತಿ, ಭೇಟಿ ನಿಲ್ಲಿಸಿಬಿಡಿ" ಎಂದು ಹೇಳಿದವರು ಒಳ್ಳೆಯ ಮನಸ್ಸಿನವರೇ. ಆದರೆ ಆ ಏಳು ತಿಂಗಳು ಅವಳು ಸುಮ್ಮನಿದ್ದದ್ದನ್ನು ನಾವು ನೆಮ್ಮದಿ ಎಂದು ತಿಳಿದಿದ್ದೆವು. ಅದು ನೆಮ್ಮದಿಯಾಗಿರಲಿಲ್ಲ, ಹೇಳಿಕೊಂಡು ಪ್ರಯೋಜನವಿಲ್ಲ ಎಂದು ಬಾಯಿ ಮುಚ್ಚಿಕೊಂಡದ್ದು. ಒಂದನೇ ತರಗತಿಗೆ ಹೊಸದಾಗಿ ಬರುವ ಮಕ್ಕಳನ್ನು ಇಪ್ಪತ್ತಾರು ವರ್ಷ ನೋಡಿದ್ದೇನೆ. ಗೇಟಿನ ಹತ್ತಿರ ಅಳುವ ಮಗುವಿನ ಬಗ್ಗೆ ನನಗೆ ಚಿಂತೆಯಿಲ್ಲ. ಅಳುವುದನ್ನೇ ಬಿಟ್ಟು ಮೂಲೆಯಲ್ಲಿ ಕೂರುವ ಮಗುವನ್ನು ಕಂಡರೆ ಎದೆ ನಡುಗುತ್ತದೆ. ಭೇಟಿ ತಪ್ಪುವುದಿಲ್ಲ, ಹದಿನೈದು ದಿನಕ್ಕೆ ಅವ್ವ ಬಂದೇ ಬರುತ್ತಾಳೆ ಎಂದು ಖಾತ್ರಿಯಾದ ಮೇಲೆ ಹಾಸಿಗೆ ಒದ್ದೆಯಾಗುವುದು ತಾನಾಗಿಯೇ ನಿಂತಿತು.

ಎಲ್ಲ ತಂದೆತಾಯಿಯರಿಗೂ ಬಾಗಿಲು ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ಹೊಡೆದು ಬಡಿದು ಮಾಡಿದವರು, ಮಗುವಿನ ಮೈಮೇಲೆ ಕೈಮಾಡಿದವರು, ಕುಡಿದು ಬಂದು ಹೆದರಿಸುವವರು ಇದ್ದಾರೆ. ಪೋಕ್ಸೋ ಪ್ರಕರಣದ ಆರೋಪಿಯನ್ನು ಮಗುವಿನ ಎದುರು ಕೂರಿಸುವುದು ಪಾಪದ ಕೆಲಸ. ಅಂಥ ಕಡೆ ತಡೆಯಿರಿ, ಗಟ್ಟಿಯಾಗಿ ತಡೆಯಿರಿ, ಕಾರಣ ಬರೆದು ತಡೆಯಿರಿ. ಅನುಮಾನವಿದ್ದರೆ ಯಾರಾದರೂ ಜೊತೆಗಿದ್ದು ಭೇಟಿ ನಡೆಸಿ. ಮಗುವನ್ನೇ ಕೇಳಿ. ಅಪಾಯದ ತಾಯಿತಂದೆಗೂ ಬರೀ ಬಡವರಾದ, ಕಾಯಿಲೆ ಬಿದ್ದ ತಾಯಿತಂದೆಗೂ ಒಂದೇ ಮುಚ್ಚಿದ ಬಾಗಿಲು ಬೇಡ.

ಬಡತನದ ಮಾತು ಬಂದದ್ದರಿಂದ ಹೇಳುತ್ತೇನೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಫಾಸ್ಟರ್ ಕೇರ್‌ನಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹೆತ್ತವರ ಹತ್ತಿರವೇ ಉಳಿಯುವ ಮಗುವಿಗೂ ಪ್ರಾಯೋಜಕತ್ವದ ಹೆಸರಿನಲ್ಲಿ ಅಷ್ಟೇ ಮೊತ್ತ ಇದೆ. ಗಂಡ ಸತ್ತು ಇಬ್ಬರು ಮಕ್ಕಳನ್ನು ಕಟ್ಟಿಕೊಂಡಿದ್ದ ಆ ಹೊತ್ತಿನಲ್ಲಿ ಅದು ಆಕೆಗೆ ಸಿಕ್ಕಿದ್ದರೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಹಾಗೊಂದು ಯೋಜನೆ ಇದೆ ಎಂದೇ ಆಕೆಗೆ ಯಾರೂ ಹೇಳಿರಲಿಲ್ಲ.

2012ರಲ್ಲಿ ನಾರ್ವೆಯಲ್ಲಿದ್ದ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ಸಾಕು ಕುಟುಂಬಕ್ಕೆ ಕೊಟ್ಟಿದ್ದ ಸುದ್ದಿ ನಿಮಗೆ ನೆನಪಿರಬಹುದು. ಇಡೀ ದೇಶ ಟಿವಿ ಮುಂದೆ ಕೂತಿತ್ತು. ಕೇಂದ್ರ ಸರ್ಕಾರವೇ ಮಾತಾಡಿ, ಮಕ್ಕಳು ಆ ವರ್ಷ ಭಾರತಕ್ಕೆ ಬಂದರು. ಹೆತ್ತವರಿಂದ ಮಕ್ಕಳನ್ನು ಹೀಗೆ ದೂರ ಮಾಡುವುದುಂಟೇ ಎಂದು ನಮ್ಮ ಸ್ಟಾಫ್ ರೂಮಿನಲ್ಲೂ ವಾರಗಟ್ಟಲೆ ಚರ್ಚೆಯಾಯಿತು. ಅದೇ ನಾರ್ವೆಯ ಇನ್ನೊಬ್ಬ ತಾಯಿಯ ಮೊಕದ್ದಮೆಯಲ್ಲಿ 2019ರ ಸೆಪ್ಟೆಂಬರ್ 10ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ದೊಡ್ಡ ಪೀಠ ಆ ದೇಶದ ವಿರುದ್ಧ ತೀರ್ಪು ಕೊಟ್ಟಿತು. ಹುಟ್ಟಿದ ಕೆಲವೇ ವಾರಗಳಲ್ಲಿ ಮಗುವನ್ನು ಸಾಕು ಕುಟುಂಬಕ್ಕೆ ಕೊಟ್ಟು, ಕೆಲವು ವರ್ಷದ ನಂತರ ತಾಯಿಯ ಹಕ್ಕು ತೆಗೆದು, ಅದೇ ಕುಟುಂಬಕ್ಕೆ ದತ್ತು ಕೊಡಲು ಒಪ್ಪಿದ್ದ ಪ್ರಕರಣ ಅದು. ತಾಯಿಗೆ ಕೊಟ್ಟ ಭೇಟಿಗಳೇ ಅಷ್ಟು ಕಡಿಮೆಯಿದ್ದಾಗ, ಅವುಗಳನ್ನು ನೋಡಿ ಆಕೆ ಎಂಥ ತಾಯಿ ಎಂದು ತೀರ್ಮಾನಿಸಲು ಆಧಾರ ಸಾಲದು ಎಂಬುದು ಆ ತೀರ್ಪಿನಲ್ಲಿ ಮುಖ್ಯವಾಗಿತ್ತು. ಅದನ್ನು ನನ್ನ ಶಿಷ್ಯ ವಿವರಿಸಿದಾಗ ನನಗೆ ಕಂಡದ್ದು ಆ ಕಚೇರಿಯ ಬೆಂಚು, "ಮಗು ತಾಯಿಯೊಂದಿಗೆ ಬೆರೆಯಲಿಲ್ಲ" ಎಂಬ ವಾಕ್ಯ.

ಆ ವಾಕ್ಯದ ಭಯ ನನಗೆ ಇನ್ನೂ ಹೋಗಿಲ್ಲ. ಫಾಸ್ಟರ್ ಕೇರ್ ಬಗ್ಗೆ 2024ರಲ್ಲಿ ಬಂದ ಹೊಸ ಮಾದರಿ ಮಾರ್ಗಸೂಚಿಯಂತೆ, ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತವಾಗಿದ್ದರೆ, ಎರಡು ವರ್ಷ ಸಾಕಿದ ಕುಟುಂಬ ಅದನ್ನು ದತ್ತು ಪಡೆಯಬಹುದು. ಮೊದಲು ಇದು ಐದು ವರ್ಷವಿತ್ತು. ಯಾರೂ ಇಲ್ಲದ ಮಕ್ಕಳಿಗೆ ಇದರಿಂದ ಒಳ್ಳೆಯದಾಗುತ್ತದೆ, ನನಗೆ ಸಂತೋಷವೇ. ಆದರೆ ಎರಡು ವರ್ಷ ಅನ್ನುವುದು ಕ್ಷಯದಿಂದ ಎದ್ದು, ಮನಸ್ಸು ಸರಿಮಾಡಿಕೊಂಡು, ಬಾಡಿಗೆಗೊಂದು ಕೋಣೆ ಹಿಡಿಯಬೇಕಾದ ಕೂಲಿಯವಳಿಗೆ ಬಹಳ ಕಡಿಮೆ ಹೊತ್ತು. ಆ ಅವಧಿಯಲ್ಲಿ ಭೇಟಿಯೇ ಇಲ್ಲದಿದ್ದರೆ ಕಡತದಲ್ಲಿ ಉಳಿಯುವುದು "ತಾಯಿ ಸಂಪರ್ಕದಲ್ಲಿಲ್ಲ" ಎಂಬ ಒಂದು ಸಾಲು. ಸಂಪರ್ಕಕ್ಕೆ ಆಕೆ ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದಳು ಎಂದು ಬರೆದಿಡುವ ರಿಜಿಸ್ಟರು ಎಲ್ಲಿದೆ?

ಶಾಲೆಯ ಅಂಕಪಟ್ಟಿಯಲ್ಲಿ "ಪೋಷಕರ ಸಹಿ" ಎಂದು ಒಂದೇ ಗೆರೆ ಇರುತ್ತದೆ. ಹೆತ್ತವರನ್ನೂ ಪೋಷಕರು ಅನ್ನುತ್ತೇವೆ, ಸಾಕುವವರನ್ನೂ ಪೋಷಕರು ಅನ್ನುತ್ತೇವೆ. ಕಳೆದ ಸಲ ಆ ಗೆರೆಯ ಮೇಲೆ ನಾನು ಸಹಿ ಹಾಕಿದೆ, ಪಕ್ಕದಲ್ಲಿ ಆಕೆ ಹೆಬ್ಬೆಟ್ಟು ಒತ್ತಿದಳು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ರಾಧೆ ಎಷ್ಟು ಅಕ್ಕರೆಯಿಂದ ಸಾಕಿದರೂ ಕರ್ಣನಿಗೆ ಹೆತ್ತವರು ಯಾರೆಂಬ ಕೊರಗು ತಪ್ಪಲಿಲ್ಲ ಎಂದು ನಮ್ಮ ಊರಿನ ಪುರಾಣದ ಕಟ್ಟೆಯಲ್ಲಿ ಕೇಳಿ ಬೆಳೆದವಳು ನಾನು. ಅದು ರಾಧೆಯ ಪ್ರೀತಿಯ ಕೊರತೆ ಎಂದು ಯಾರೂ ಹೇಳಿದ್ದನ್ನು ಕೇಳಿಲ್ಲ.

ಈಗ ಬೇಡಿಕೆಗೆ ಬರುತ್ತೇನೆ. ನೀವು ಮಗುವನ್ನು ಬಾಲಮಂದಿರಕ್ಕೋ ಸಾಕು ಕುಟುಂಬಕ್ಕೋ ಕಳಿಸುವ ಆದೇಶದಲ್ಲೇ ಭೇಟಿಯ ಸಾಲು ಇರಲಿ: ಯಾರು, ಎಷ್ಟು ದಿನಕ್ಕೊಮ್ಮೆ, ಎಲ್ಲಿ, ಎಷ್ಟು ಹೊತ್ತು, ನಡುವೆ ಫೋನು ಯಾವಾಗ. ತಾಯಿ ಆಸ್ಪತ್ರೆಯಲ್ಲಿದ್ದರೆ ಮಗುವನ್ನು ಅಲ್ಲಿಗೆ ಯಾರು ಕರೆದೊಯ್ಯುತ್ತಾರೆ ಅನ್ನುವುದೂ ಇರಲಿ. ಭೇಟಿ ಬೇಡ ಎಂದಾದರೆ ಬೇಡ ಎಂದೇ ಬರೆಯಿರಿ, ಏಕೆಂದು ಬರೆಯಿರಿ, ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಎಂದು ತಾರೀಖು ಹಾಕಿ. ಆದೇಶದ ಕನ್ನಡ ಪ್ರತಿಯನ್ನು ತಾಯಿತಂದೆಯ ಕೈಗೆ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಿ. ಮೂವತ್ತು ದಿನದ ಮೇಲ್ಮನವಿಯ ವಿಷಯವನ್ನೂ ಹೇಳಿ. ಸಾಕು ಕುಟುಂಬಗಳನ್ನು ಸಮಿತಿ ಪ್ರತಿ ತಿಂಗಳು ಪರಿಶೀಲಿಸಬೇಕು ಎಂದು ಅದೇ 44ನೇ ಕಲಮಿನಲ್ಲಿದೆ; ಹಾಗೆ ಬಂದಾಗ ಹಾಸಿಗೆ ಪಾತ್ರೆ ನೋಡುವುದರ ಜೊತೆಗೆ ಈ ತಿಂಗಳು ಯಾರು ಬಂದಿದ್ದರು ಎಂದೂ ಕೇಳಿ. ಭೇಟಿಯನ್ನು ಬಹುಮಾನವನ್ನಾಗಲಿ ಶಿಕ್ಷೆಯನ್ನಾಗಲಿ ಮಾಡಬೇಡಿ. ಹೋಂವರ್ಕ್ ಮಾಡದಿದ್ದರೆ ಈ ಭಾನುವಾರ ಅವ್ವ ಇಲ್ಲ ಎಂದು ಯಾವ ಮಗುವಿಗೂ ಯಾರೂ ಹೇಳಕೂಡದು.

ಇಲಾಖೆಯವರಲ್ಲಿ ಇನ್ನೊಂದು ವಿನಂತಿ. ಬಂದ ದಿನದ ಕೂಲಿಯ ಬದಲಿಗೆ ಒಂದಿಷ್ಟು ಹಣ, ಫೈಲುಗಳಿಲ್ಲದ ಒಂದು ಕೋಣೆ, ನೆಲದ ಮೇಲೊಂದು ಚಾಪೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಷ್ಟು ಕೊಟ್ಟರೆ ಬಹಳ ಕೆಲಸವಾಗುತ್ತದೆ.

ಹುಡುಗಿಯ ಅಣ್ಣನಿಗೆ ಈಗ ಹದಿಮೂರು. ಇನ್ನೂ ಬಾಲಮಂದಿರದಲ್ಲಿದ್ದಾನೆ. ಎರಡು ವರ್ಷದಲ್ಲಿ ತಂಗಿಯನ್ನು ಮೂರು ಸಲ ನೋಡಿದ್ದಾನೆ. ಮೂರನೇ ಸಲ ತನ್ನ ಪಾಲಿನ ಬಿಸ್ಕತ್ತನ್ನು ಜೇಬಿನಲ್ಲಿ ಉಳಿಸಿ ತಂದಿದ್ದ, ಪುಡಿಯಾಗಿತ್ತು. ಇಬ್ಬರೂ ಅಂಗೈಗೆ ಸುರಿದುಕೊಂಡು ತಿಂದರು. ಅವನ ಕಡತ ಮುಂದಿನ ತಿಂಗಳು ಸಮಿತಿಯ ಮುಂದೆ ಬರಲಿದೆ. ತಾಯಿ ಬಾಡಿಗೆ ಕೋಣೆ ಹಿಡಿದಿದ್ದಾಳೆ, ಔಷಧಿ ತಪ್ಪಿಸಿಲ್ಲ, ಚೀಟಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ ನನ್ನ ಹತ್ತಿರ ಕೊಟ್ಟಿದ್ದಾಳೆ. ಮಕ್ಕಳನ್ನು ಯಾವಾಗ ಮನೆಗೆ ಕಳಿಸಬೇಕು ಅನ್ನುವುದು ಸಮಿತಿಯ ವಿವೇಚನೆಗೆ ಬಿಟ್ಟದ್ದು. ಅಲ್ಲಿಯವರೆಗೆ ಆ ಹುಡುಗನ ಆದೇಶದಲ್ಲಿ ಈ ಸಾಲು ಸೇರಿಸಬೇಕೆಂದು ಕೈಮುಗಿದು ಕೇಳುತ್ತೇನೆ:

"ಹದಿನೈದು ದಿನಕ್ಕೊಂದು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಬಾಲಕನು ತನ್ನ ತಂಗಿ ಇರುವ ಮನೆಯಲ್ಲಿ ತಾಯಿ ಮತ್ತು ತಂಗಿಯ ಜೊತೆ ಇರತಕ್ಕದ್ದು."

ಊಟ ನಮ್ಮಲ್ಲೇ. ಬದನೆಕಾಯಿ ಮಾಡುವುದಿಲ್ಲ.

ವಂದನೆಗಳೊಂದಿಗೆ,
ಉತ್ತರ ಕರ್ನಾಟಕದ ಒಬ್ಬ ಸಾಕುತಾಯಿ